ಹೊಸ ಫೋನು, ಹಳೆಯ ದನಿ



ಫೋನು ಬದಲಾಯಿಸಿದ ಮನೆಗಳಲ್ಲಿ ಮೊದಲು ಕೇಳಿಬರುವ ದೂರು ಯಾವುದೆಂದು ತಾವು ಬಲ್ಲಿರಿ. ಸಂಖ್ಯೆಗಳು ಬಂದವು, ಭಾವಚಿತ್ರಗಳು ಬಂದವು, ಹಾಡುಗಳು ಮಾತ್ರ ಎಲ್ಲವೂ ಬರಲಿಲ್ಲ. ಬಂದವುಗಳಲ್ಲಿಯೂ ಕೆಲವು ಎಷ್ಟು ಒತ್ತಿದರೂ ಬಾಯಿಬಿಡುವುದಿಲ್ಲ. ಇತ್ತೀಚೆಗೆ ಗುರುಮನೆಗೆ ಹೊಸ ಫೋನು ಬಂದಾಗ ನನ್ನ ಪಾಲಿಗೂ ಇದೇ ಬಂದಿತು. ವರ್ಷಗಳಿಂದ ಕೂಡಿಟ್ಟ ಹಾಡುಗಳಲ್ಲಿ ನೂರಕ್ಕೂ ಮಿಕ್ಕಿ ಮೌನ ತಾಳಿದ್ದವು.

ನಾವು 'ಹಾಡು' ಎಂದು ಒಂದೇ ಹೆಸರಿನಿಂದ ಕರೆಯುವ ಈ ಕಡತಗಳು ವಾಸ್ತವವಾಗಿ ಬೇರೆ ಬೇರೆ ಲಿಪಿಗಳಲ್ಲಿ ಬರೆದ ಪತ್ರಗಳಿದ್ದಂತೆ. ಮಂಗಳೂರಿನವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವೆಯವರು ರೋಮನ್ ಅಥವಾ ದೇವನಾಗರಿಯಲ್ಲಿ. ಭಾಷೆ ಒಂದೇ ಆದರೂ ಲಿಪಿ ಅರಿಯದವನಿಗೆ ಆ ಪತ್ರ ಬರಿಯ ಗೆರೆಗಳು. ನಮ್ಮ ಮನೆಗಳಲ್ಲಿ ಹೆಚ್ಚು ಬಳಕೆಗೆ ಬಂದ ಎಂಪಿ3 ಎಂಬ ಲಿಪಿಯ ಹಿಂದೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರ ಶ್ರಮವಿದೆ. ಅದಕ್ಕೆ ಆ ಹೆಸರು ಅಂಟಿಕೊಂಡದ್ದು 1995ರಲ್ಲಿ. ಸಿ.ಡಿ.ಯಲ್ಲಿ ನಿಮಿಷಕ್ಕೆ ಸುಮಾರು 10 ಎಂ.ಬಿ. ಬೇಡುವ ಸಂಗೀತವನ್ನು, ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಕೈಬಿಟ್ಟು, ಸುಮಾರು 1 ಎಂ.ಬಿ.ಯಲ್ಲಿ ಅದು ಅಡಗಿಸಿತು. 2017ರಲ್ಲಿ ಅದರ ಪರವಾನಗಿ ವ್ಯವಸ್ಥೆ ಕೊನೆಗೊಂಡಾಗ ಎಂಪಿ3 ಸತ್ತಿತೆಂದು ಕೆಲವರು ಬರೆದರು. ನನ್ನ ಅಭಿಪ್ರಾಯ ಬೇರೆ. ಪೇಟೆಂಟುಗಳ ಅವಧಿ ಮುಗಿದು ಅದು ಎಲ್ಲರ ಸೊತ್ತಾಯಿತು. ಆದುದರಿಂದಲೇ ಇಂದಿಗೂ ಅದನ್ನು ಓದಲಾರದ ಫೋನು ಸಿಗುವುದು ಅಪರೂಪ.

ಮೈಕ್ರೋಸಾಫ್ಟ್ 1999ರಲ್ಲಿ ತಂದ ಡಬ್ಲ್ಯುಎಂಎ ಎಂಬ ಲಿಪಿಗೆ ಈ ಭಾಗ್ಯ ಒದಗಲಿಲ್ಲ. ಕಂಪ್ಯೂಟರಿನಲ್ಲಿ ಸಿ.ಡಿ. ನಕಲು ಮಾಡಿಕೊಂಡಿದ್ದ ಮನೆಗಳಲ್ಲಿ ಆ ಕಡತಗಳು ಇನ್ನೂ ಧಾರಾಳವಾಗಿವೆ. ಕೊನೆಯ ಅಕ್ಷರಗಳನ್ನು ಅಳಿಸಿ ಎಂಪಿ3 ಎಂದು ಬರೆದರಾಯಿತು ಎಂದು ಯುವಕರು ಸಲಹೆ ಕೊಡುವುದುಂಟು. ಮಜ್ಜಿಗೆಯ ತಂಬಿಗೆಗೆ ಹಾಲೆಂಬ ಚೀಟಿ ಅಂಟಿಸಿದಂತಾಯಿತು ಅದು. ವಿಎಲ್‌ಸಿ ಎಂಬ ಉಚಿತ ಪ್ರೋಗ್ರಾಂ ಹಲವು ಲಿಪಿಗಳನ್ನು ಓದಬಲ್ಲದು. ಮೊದಲು ಅದರಲ್ಲಿ ಪ್ರಯತ್ನಿಸಿ. ಎಂಪಿ3ಗೆ ಪರಿವರ್ತಿಸಲೇಬೇಕಾದರೆ ಮೂಲ ಕಡತವನ್ನು ಅಳಿಸಬೇಡಿ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಾಗ ದನಿ ಮಂಕಾಗುತ್ತಿದ್ದುದು ತಮಗೆ ನೆನಪಿರಬಹುದು. ಇಲ್ಲಿಯೂ ಪ್ರತಿ ಪರಿವರ್ತನೆಯಲ್ಲಿ ಸ್ವಲ್ಪ ಸೋರುತ್ತದೆ. ಇನ್ನು ಕೆಲವು ಕಡತಗಳಿಗೆ, ನಕಲಿಸಿದ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುವ ಬೀಗವೂ ಇರುತ್ತದೆ. ಅಂತಹವಕ್ಕೆ ಮೂಲ ಸಿ.ಡಿ.ಯನ್ನು ಹುಡುಕಿ ಹೊಸದಾಗಿ ನಕಲಿಸುವುದೇ ಲೇಸು. (ಹಾಡುಗಳ ಪಟ್ಟಿಯನ್ನು ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ್ದವರಿಗೆ ಹೊಸ ಫೋನಿನಲ್ಲಿ ಕಾಣುವ ವಿಚಿತ್ರ ರೋಮನ್ ಅಕ್ಷರಗಳ ಕಥೆ ಬೇರೆಯೇ ಇದೆ. ಅದನ್ನು ಯೂನಿಕೋಡಿಗೆ ಬದಲಾಯಿಸಬಹುದು.)

ಇಷ್ಟೆಲ್ಲ ಬರೆಯಲು ನಿಜವಾದ ಕಾರಣ ಹಾಡುಗಳಲ್ಲ, ಒಂದು ದನಿ. ನಮ್ಮ ಧರ್ಮಕೇಂದ್ರದ ಗಾನವೃಂದವನ್ನು ದೀರ್ಘಕಾಲ ನಡೆಸಿದ ಹಿರಿಯರೊಬ್ಬರು ತೀರಿಕೊಂಡು ಹಲವು ವರ್ಷಗಳಾದವು. ಕ್ರಿಸ್‌ಮಸ್ ಅಭ್ಯಾಸದ ರಾತ್ರಿಯೊಂದರಲ್ಲಿ ಅವರು ಹುಡುಗರನ್ನು ಗದರಿಸಿ, ಬಳಿಕ ತಾವೇ ಹಾಡಿ ತೋರಿಸಿದ್ದನ್ನು ಯಾರೋ ಗುಂಡಿಯ ಫೋನಿನಲ್ಲಿ ಧ್ವನಿಮುದ್ರಿಸಿದ್ದರು. ಅದು ನನ್ನ ಹಳೆಯ ಮೆಮೊರಿ ಕಾರ್ಡಿನಲ್ಲಿತ್ತು. ಹೊಸ ಫೋನಿನ ಹಾಡುಗಳ ಪಟ್ಟಿಯಲ್ಲಿ ಕಾಣಲಿಲ್ಲ. ಪಟ್ಟಿಯಲ್ಲಿಲ್ಲವೆಂದರೆ ಕಡತವೇ ಇಲ್ಲವೆಂದಲ್ಲ, ಓದುಗರೇ. ಕಡತಗಳ ವಿಭಾಗಕ್ಕೆ ಹೋಗಿ ಒಂದೊಂದೇ ಫೋಲ್ಡರನ್ನು ತೆರೆದಾಗ, ಹೆಸರಿನ ಬದಲು ಬರಿಯ ಅಂಕಿಗಳನ್ನು ಹೊತ್ತು ಅದು ಅಲ್ಲಿಯೇ ಕುಳಿತಿತ್ತು.

ಅದು ಎಎಂಆರ್ ಎಂಬ ಲಿಪಿ; ಮೊಬೈಲ್ ಮಾತುಕತೆಗೆಂದೇ ಹುಟ್ಟಿದ್ದು. ಸಿ.ಡಿ. ಒಂದು ಸೆಕೆಂಡಿಗೆ ದನಿಯ 44,100 ಮಾದರಿಗಳನ್ನು ಹಿಡಿದರೆ ಇದು ಹಿಡಿಯುವುದು 8,000 ಮಾತ್ರ. ಆದುದರಿಂದ ಹಾರ್ಮೋನಿಯಂ ಮೂಗಿನಲ್ಲಿ ನುಡಿದಂತಿದೆ, ಮಕ್ಕಳ ಎತ್ತರದ ಸ್ವರಗಳು ಸೊರಗಿವೆ. ಗದರಿಕೆ ಮಾತ್ರ ಸ್ಪಷ್ಟವಾಗಿದೆ!

ಅವರ ಪತ್ನಿಯನ್ನು ಕರೆಸಿ ಕೇಳಿಸಿದೆ. ಮೊದಲ ಬಾರಿ ಆಕೆ ಏನೂ ಹೇಳಲಿಲ್ಲ. ಎರಡನೆಯ ಬಾರಿ, "ಸ್ವಾಮಿ, ಇವರಿಗೆ ಆ ದಿನ ಜ್ವರವಿತ್ತು, ಬೇಡವೆಂದರೂ ಕೇಳದೆ ಹೊರಟಿದ್ದರು," ಎಂದರು. ನಮ್ಮಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಮೂಲವನ್ನು ಹಾಗೆಯೇ ಉಳಿಸಿ, ಎಂಪಿ3 ಪ್ರತಿಯೊಂದನ್ನು ಅವರ ಮಗನ ಫೋನಿಗೆ ಕಳುಹಿಸಿದೆ, ಇನ್ನೊಂದನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ. ಅಮ್ಮನವರಿಗೆ ಅದರಿಂದ ಸಮಾಧಾನವಾಗಲಿಲ್ಲ. ಮಗ ಇರುವುದು ಊರಾಚೆ. ಅವರ ಮನೆಯಲ್ಲಿ ಈಗಲೂ ಸರಿಯಾಗಿ ನುಡಿಯುವ ಯಂತ್ರವೆಂದರೆ ಪತಿಯ ಟೇಪ್‌ರೆಕಾರ್ಡರ್ ಒಂದೇ. ಅದಕ್ಕೆ ಹೊಂದುವಂತೆ ಮಾಡಿಕೊಡಿ ಎಂದು ಕೇಳಿದ್ದಾರೆ. ತಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಖಾಲಿ ಕ್ಯಾಸೆಟ್ ಇದ್ದರೆ ದಯವಿಟ್ಟು ತಿಳಿಸಿರಿ.