ಸ್ಟೇರಿಂಗಿನ ಸಡಿಲ

ಓಹಾಯೊದಲ್ಲಿ ವಸಂತ ಕಾಲಿಟ್ಟರೆ ಅಂಗಳದ ಹುಲ್ಲನ್ನು ವಾರಕ್ಕೊಮ್ಮೆ ಕತ್ತರಿಸಲೇಬೇಕು. ಜಾಗ ದೊಡ್ಡದಿದ್ದವರು ತಳ್ಳುವ ಯಂತ್ರ ಬಿಟ್ಟು ಕೂತು ಓಡಿಸುವ ಮೋವರ್ ಕೊಳ್ಳುತ್ತಾರೆ. ಎಂಜಿನ್ ಆಯಿಲ್ ಬದಲಿಸುತ್ತಾರೆ, ಬ್ಲೇಡ್ ಮಸೆಯುತ್ತಾರೆ. ಮುಂದಿನ ಆ ಎರಡು ಚಿಕ್ಕ ಚಕ್ರಗಳನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ನನಗೆ ಅವುಗಳ ಮೇಲೇ ಹೆಚ್ಚು ಅಕ್ಕರೆ.

ಸ್ಟೇರಿಂಗ್ ಒಂದೇ ದಿನದಲ್ಲಿ ಕೆಡುವುದಿಲ್ಲ. ಮೊದಲು ಬೆರಳಗಲ ತಿರುಗಿಸಿದರೂ ಚಕ್ರ ಕದಲುವುದಿಲ್ಲ, ಆಮೇಲೆ ಗೇಣಗಲ. ಓಡಿಸುವವರ ಕೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಸಾಲು ಸೊಟ್ಟಗಾಗಿ ನಡುವೆ ಹುಲ್ಲಿನ ಪಟ್ಟೆ ಉಳಿಯುತ್ತದೆ. ಅದನ್ನಾದರೂ ಸಹಿಸಬಹುದು, ಚರಂಡಿಯ ಇಳಿಜಾರಿನಲ್ಲಿ ಯಂತ್ರ ಮಾತು ಕೇಳದಿರುವುದನ್ನು ಸಹಿಸಲಾಗದು.

ಎಲ್ಲರೂ ಮೊದಲು ಗೇರನ್ನೇ ಶಂಕಿಸುತ್ತಾರೆ. ಶಂಕೆ ಪೂರ್ತಿ ತಪ್ಪಲ್ಲ. ಎಷ್ಟೋ ಮೋವರ್‌ಗಳಲ್ಲಿ ಸ್ಟೇರಿಂಗ್ ಕಂಬದ ಬುಡದಲ್ಲಿ ಚಿಕ್ಕ ಪಿನಿಯನ್, ಅದಕ್ಕೆ ಕಚ್ಚಿಕೊಂಡು ದಪ್ಪ ತಗಡಿನಿಂದ ಕತ್ತರಿಸಿದ ಸೆಕ್ಟರ್ ಗೇರ್ ಇರುತ್ತದೆ. ಹೆಚ್ಚು ಹೊತ್ತು ನೇರವಾಗಿಯೇ ಓಡಿಸುವುದರಿಂದ ನಡುವಿನ ಹಲ್ಲುಗಳೇ ಮೊದಲು ಸವೆಯುತ್ತವೆ. ಅಂಚಿನವು ಹೊಸದರಂತೆಯೇ ಇರುತ್ತವೆ. ಆದರೆ ಗೇರ್ ಬದಲಿಸಿದ ಮೇಲೂ ಸಡಿಲ ಉಳಿದರೆ? ಅದು ಒಂದೇ ಕಡೆಯಿಂದ ಬಂದದ್ದಲ್ಲ. ಗೇರಿನಲ್ಲಿ ಇಷ್ಟು, ಗೇರಿನ ತಿರುವನ್ನು ಚಕ್ರಕ್ಕೆ ಒಯ್ಯುವ ಡ್ರ್ಯಾಗ್ ಲಿಂಕಿನ ತುದಿಯಲ್ಲಿ ಇಷ್ಟು, ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡಿನ ಬಾಲ್ ಜಾಯಿಂಟಿನಲ್ಲಿ, ಆಕ್ಸಲ್ ತುದಿಯ ಬುಷ್‌ನಲ್ಲಿ, ಚಕ್ರದ ಬುಷ್‌ನಲ್ಲಿ ಇನ್ನಷ್ಟಿಷ್ಟು. ಇದೆಲ್ಲ ಸೇರಿ ಕೈಗೆ ತಗಲುತ್ತದೆ.

ಹುಡುಕಲು ಇಬ್ಬರು ಬೇಕು. ಹಾಸನದ ಕಡೆಯಿಂದ ಅಪ್ಪ ಬಂದಿದ್ದಾಗ ಅವರು ಸೀಟಿನ ಮೇಲೆ, ನಾನು ನೆಲದ ಮೇಲೆ. ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟು, ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟಿದ್ದೆ.

“ಇನ್ನೊಂದ್ಸಲ ತಿರುಗ್ಸಪ್ಪ, ನಿಧಾನಕ್ಕೆ.”

“ಯಾವುದು ಅಲ್ಲಾಡ್ತಾ ಇದೆ ನೋಡೋ, ಯಾವುದು ತಿರುಗ್ತಾ ಇದೆ ಅಂತಲ್ಲ.”

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿ, ಕಡಾಣಿ ತಟ್ಟಿ ನೋಡಿ ಹೊರಡುತ್ತಿದ್ದವರ ಕಣ್ಣು ಅದು. ಎಡಗಡೆಯ ಬಾಲ್ ಜಾಯಿಂಟ್ ಸಿಕ್ಕಿಬಿತ್ತು.

ಆ ಜಾಯಿಂಟನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ಹೊರಳಬೇಕು. ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್ಸ್‌ಪರ್ಗರ್ ಇದಕ್ಕೊಂದು ಉಪಾಯ ಹೂಡಿದ. 1818ರಲ್ಲಿ ಲಂಡನ್‌ನಲ್ಲಿ ಅದಕ್ಕೆ ಪೇಟೆಂಟ್ ಪಡೆದ ಅಕರ್ಮನ್‌ನ ಹೆಸರೇ ಉಳಿಯಿತು. ಕುದುರೆ ಸಾರೋಟಿನ ಆ ಲೆಕ್ಕಾಚಾರ ಮೋವರ್‌ನಲ್ಲೂ ಟೈ ರಾಡುಗಳನ್ನೇ ನಂಬಿದೆ. ಜಾಯಿಂಟ್ ಸಡಿಲಾದರೆ ಒಂದೊಂದು ಚಕ್ರ ಒಂದೊಂದು ದಾರಿ ಹಿಡಿದು ಟೈರ್ ಹುಲ್ಲನ್ನು ತರಚುತ್ತದೆ.

ಸವೆದ ಜಾಯಿಂಟಿಗೆ ಗ್ರೀಸ್ ತುಂಬಿದರೆ ಸದ್ದು ಅಡಗುತ್ತದೆ, ಸವೆತ ಹೋಗುವುದಿಲ್ಲ. ಅದನ್ನು ಬದಲಿಸಬೇಕು. ಬುಷ್ ಬದಲಿಸುವುದು ಇನ್ನೂ ಸುಲಭ: ಚಕ್ರದ ಕ್ಯಾಪ್, ಕ್ಲಿಪ್, ವಾಷರ್ ತೆಗೆದು, ಹಳೆಯದನ್ನು ತಟ್ಟಿ ಹೊರತೆಗೆದು, ದಂಡವನ್ನು ಒರೆಸಿ ಹೊಸದನ್ನು ಕೂರಿಸುವುದು. ವಾಷರ್‌ಗಳ ಕ್ರಮವನ್ನು ಬಿಚ್ಚುವಾಗಲೇ ಫೋಟೊ ಹಿಡಿಯಿರಿ. ಯಂತ್ರವನ್ನು ಎತ್ತಿದ ಮೇಲೆ ಬರೀ ಜಾಕ್ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಡಿ.

ಗ್ರೀಸ್ ಹೊಡೆಯುವ ಮುನ್ನ ಅದು ಒಳಹೋಗುವ ನಿಪ್ಪಲ್ ಒರೆಸುವುದನ್ನು ಬಿಡಲೇಬಾರದು. ನಿಪ್ಪಲ್ ತುದಿಯ ಮಣ್ಣು ಗ್ರೀಸ್ ಗನ್ನಿನ ಒತ್ತಡಕ್ಕೆ ನೇರ ಒಳಗೆ ಹೋಗಿ, ಕಾಪಾಡಬೇಕಾದ ಗ್ರೀಸೇ ಅರೆಯುವ ಲೇಪವಾಗುತ್ತದೆ. ಹಳೆಯ ಕಪ್ಪು ಗ್ರೀಸ್ ಅಂಚಿನಿಂದ ಹೊರಬಂದು ಹೊಸದು ಕಾಣುವತನಕ ಒತ್ತಿ, ಉಕ್ಕಿದ್ದನ್ನು ಬಟ್ಟೆಯಿಂದ ತೆಗೆಯಬೇಕು. ಬಯಲಿಗೆ ಬಿದ್ದ ಗೇರಿನ ಹಲ್ಲುಗಳಿಗೆ ತೆಳುವಾಗಿ ಸವರಿದರೆ ಸಾಕು. ದಪ್ಪನಾಗಿ ಬಳಿದರೆ ಹುಲ್ಲಿನ ಚೂರೂ ಮರಳೂ ಅಲ್ಲೇ ಮನೆ ಮಾಡುತ್ತವೆ.

ಅಗ್ಗದ ಕೆಲವು ಯಂತ್ರಗಳಲ್ಲಿ ಆಕ್ಸಲ್ ತುದಿಗೆ ನಿಪ್ಪಲೇ ಇರುವುದಿಲ್ಲ. ಚಿಲ್ಲರೆ ಬೆಲೆಯ ಆ ಒಂದು ತುಣುಕನ್ನು ಕೈಬಿಟ್ಟದ್ದು ನನ್ನ ಪ್ರಕಾರ ಅನ್ಯಾಯ. ಹೊಸ ಮೋವರ್ ಕೊಳ್ಳುವವರು ಅಂಗಡಿಯಲ್ಲಿ ಎಂಜಿನ್ನಿನ ಶಕ್ತಿ ಕೇಳುವ ಮೊದಲು ಬಗ್ಗಿ, ಮುಂದಿನ ಆಕ್ಸಲ್ಲಿನ ಎರಡೂ ತುದಿಗಳನ್ನು ನೋಡಲಿ. ನಿಪ್ಪಲ್ ಕಾಣದಿದ್ದರೆ ಪಕ್ಕದ ಯಂತ್ರಕ್ಕೆ ಹೋಗಲಿ.