ತುರಿಕೆಗೆ ಬೆಡ್ಡು ಬೇಡ

ಹೃದಯದ ಕಾಯಿಲೆಯವರನ್ನು ನೋಡಲು ನೆಂಟರು ಹಣ್ಣು ಹಿಡಿದು ಬರುತ್ತಾರೆ. ಕಿಡ್ನಿಯಲ್ಲಿ ಕಲ್ಲಾದರೆ ಬಾಳೆದಿಂಡಿನ ರಸ ಕುಡಿಯಿರೆಂದು ಹೇಳಲಾದರೂ ಬರುತ್ತಾರೆ. ಮೈ ಕೆರೆದುಕೊಳ್ಳುವವನ ಮನೆಗೆ ಮಾತ್ರ ಯಾರೂ ಬರುವುದಿಲ್ಲ. ಬಂದರೂ ಚಾಪೆಯ ತುದಿಯಲ್ಲಿ ಕೂತು, ಕಾಫಿ ಈಗ ತಾನೇ ಆಯಿತೆಂದು ಎದ್ದು ಹೋಗುತ್ತಾರೆ. ಚರ್ಮರೋಗ ಪ್ರಾಣಕ್ಕಿಂತ ಮೊದಲು ಮಾನಕ್ಕೆ ಕೈ ಹಾಕುತ್ತದೆ. ಹಾಗಾಗಿ ಅದನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಟ್ಟುಕೊಂಡು, ಇನ್ನು ತಡೆಯಲಾರೆ ಎನ್ನುವ ಹೊತ್ತಿಗೆ ಡಾಕ್ಟರನ್ನು ಹುಡುಕಲು ಹೊರಡುತ್ತೇವೆ.

ಬಯಲುಸೀಮೆಯ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನದಿಗೆ ಬರ, ಮಳೆಗೆ ಬರ, ಕಡಿತಕ್ಕೆ ಬರವಿಲ್ಲ. ದ್ರಾಕ್ಷಿ ತೋಟಕ್ಕೂ ಟೊಮೆಟೊಗೂ ಬರಿಗೈಯಲ್ಲಿ ಔಷಧಿ ಹೊಡೆಯುವವರಿದ್ದಾರೆ. ಬದುವಿನ ಮೇಲೆ ಕಾಂಗ್ರೆಸ್ ಗಿಡವಿದೆ. 1950ರ ದಶಕದಲ್ಲಿ ಪುಣೆಯ ಬಳಿ ಕಾಣಿಸಿಕೊಂಡ ಈ ಪಾರ್ಥೇನಿಯಂ ಮುಟ್ಟಿದರಷ್ಟೇ ಅಲ್ಲ, ಗಾಳಿಯಲ್ಲಿ ಪುಡಿಯಾಗಿ ಬಂದರೂ ಸಾಕು. ಒಗ್ಗದವರಿಗೆ ಕಣ್ಣರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಗಳೆಲ್ಲ ಕೆಂಪೇರಿ ದಡ್ಡುಗಟ್ಟುತ್ತವೆ.

ಇನ್ನು ಶಿಡ್ಲಘಟ್ಟ. ದೇಶದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲಿ ಒಂದು ಅಲ್ಲಿದೆ. ಗೂಡಿನ ಬೆಲೆ ದಿನವೂ ಪತ್ರಿಕೆಗೆ ಬರುತ್ತದೆ, ನೂಲು ತೆಗೆಯುವ ಕೈಯ ಸುದ್ದಿ ಬರುವುದಿಲ್ಲ. ಆ ಕೈಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದಿನವೆಲ್ಲ ಬೇಸಿನ್ನಿನ ಬಿಸಿನೀರಿನಲ್ಲಿ ಎಳೆ ಹುಡುಕಿ ಹುಡುಕಿ ಬೆರಳತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಬೆರಳ ಸಂದು ಬಿರಿದು ಒಳಗಿನ ಕೆಂಪು ಕಾಣುತ್ತದೆ. ಮಧ್ಯಾಹ್ನ ಮುದ್ದೆ ಮುರಿದು ಸಾರಿಗೆ ಅದ್ದುವಾಗ ಆ ಸಂದಿಗೆ ಖಾರ ತಗುಲದಂತೆ ಎರಡೇ ಬೆರಳಲ್ಲಿ ಉಣ್ಣುವ ಹೆಂಗಸರನ್ನು ನೋಡಿದ್ದೇನೆ. ಅವರಲ್ಲೊಬ್ಬರಿಗೆ ಡಾಕ್ಟರು, ‘ಸ್ವಲ್ಪ ದಿನ ನೀರಲ್ಲಿ ಕೈಯಿಡಬೇಡಮ್ಮ’ ಎಂದರಂತೆ. ‘ಆಯ್ತು ಸಾರ್, ಅಷ್ಟು ದಿನ ನೀವು ಬಂದು ನೂಲು ತೆಗೀತೀರಾ?’ ಎಂದು ಕೇಳಿ ಬಂದೆ ಎಂದು ನಗುತ್ತಾ ಹೇಳಿದರು.

ಇಂಥವರ ಕೈಯಲ್ಲೂ ಒಂದು ಕಾರ್ಡಿದೆ. 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತವೂ ರಾಜ್ಯದ ಆರೋಗ್ಯ ಕರ್ನಾಟಕವೂ ಒಂದಾಗಿ ಹುಟ್ಟಿದ ಯೋಜನೆಯದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಅದನ್ನು ಲ್ಯಾಮಿನೇಷನ್ ಮಾಡಿಸಿ, ದೇವರ ಪಟದ ಹಿಂದಿನಿಂದ ತೆಗೆದು ಹಿಡಿದುಕೊಂಡು, ‘ಈ ಕಾರ್ಡು ನಡೆಯೋ ಚರ್ಮದ ಡಾಕ್ಟ್ರು ಎಲ್ಲಿದ್ದಾರೆ?’ ಎಂದು ಊರೂರು ವಿಚಾರಿಸುವವರನ್ನು ಕಂಡಾಗ ಅಯ್ಯೋ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ಈ ಕಾರ್ಡಿನವರಿಗೆ ದಾರಿ ತೋರಿಸುವ, ಆರೋಗ್ಯಮಿತ್ರ ಎಂಬ ಬೋರ್ಡಿನ ಮೇಜಿನ ಮುಂದೆ ನಡೆಯುವ ಸಂಭಾಷಣೆ ಹೀಗಿರುತ್ತದೆ:

‘ಅಡ್ಮಿಟ್ ಆಗ್ಬೇಕಾ ಅಣ್ಣ?’

‘ಇಲ್ಲಪ್ಪ, ಕಡಿತ.’

‘ಹಂಗಾದ್ರೆ ಕಾರ್ಡು ಜೇಬಲ್ಲೇ ಇರ್ಲಿ. ಚೀಟಿ ಮಾಡಿಸ್ಕೊಂಡು ಓಪಿಡಿಗೆ ಹೋಗಿ.’

ಮೇಜಿನ ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಯೋಜನೆಯ ಪಟ್ಟಿಯಲ್ಲಿ 1,650 ಚಿಕಿತ್ಸೆಗಳಿದ್ದವು. ಅವುಗಳಲ್ಲಿ 169 ತುರ್ತು ಚಿಕಿತ್ಸೆಗಳನ್ನು ಬಿಟ್ಟು ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಿತ್ತು. ಪಟ್ಟಿಯ ಮನಸ್ಸೆಲ್ಲ ಮಲಗಿದ ರೋಗಿಯ ಕಡೆಗೇ. ಸುಟ್ಟಗಾಯವಾಗಿ ವಾರ್ಡು ಸೇರಿದವರಿಗೆ ಅದು ನೆರವಾಗುತ್ತದೆ. ಹುಳುಕಡ್ಡಿ, ಕಜ್ಜಿ, ಸೋರಿಯಾಸಿಸ್, ತೊನ್ನು ಇವುಗಳಿಗೆ ಸಾಮಾನ್ಯವಾಗಿ ಯಾರೂ ಮಲಗುವುದಿಲ್ಲ. ಕೆರೆದುಕೊಳ್ಳುತ್ತಲೇ ಬಸ್ಸು ಹತ್ತುತ್ತಾರೆ, ಕೂಲಿಗೆ ಹೋಗುತ್ತಾರೆ. 2003ರಲ್ಲಿ ಸಹಕಾರಿ ರೈತರಿಗೆಂದು ಶುರುವಾದ ಯಶಸ್ವಿನಿ ಯೋಜನೆಯ ಒಲವೂ ಆಪರೇಷನ್ನಿನ ಕಡೆಗೇ ಇತ್ತು.

ನಿಂತ ರೋಗಿಯನ್ನೂ ನೋಡುವ ವಿಮೆ ಒಂದಿದೆ, ಕಾರ್ಮಿಕರ ಇಎಸ್‌ಐ. ಗೌರಿಬಿದನೂರಿನ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳ ಸಂಬಳದಲ್ಲಿ ಶೇಕಡ 0.75 ಅದಕ್ಕೆ ಮುರಿಯುತ್ತಾರೆ. ಅವರು ಡಿಸ್ಪೆನ್ಸರಿಗೆ ಹೋಗಿ ಮುಲಾಮು ಕೇಳಬಹುದು, ಅಲ್ಲಿಂದ ತಜ್ಞರ ಬಳಿಗೆ ಚೀಟಿ ಬರೆಸಿಕೊಳ್ಳಬಹುದು. ಆದರೆ ಇಎಸ್‌ಐಗೆ ಒಳಪಡಲು ಸಂಸ್ಥೆಯಲ್ಲಿ ಕನಿಷ್ಠ 10 ಮಂದಿ ಇರಬೇಕು. ಶಿಡ್ಲಘಟ್ಟದಲ್ಲಿ ಮನೆಯ ಹಿಂದೆ ನಾಲ್ಕು ಬೇಸಿನ್ನು ಹಾಕಿಕೊಂಡವರ ಲೆಕ್ಕ ಅಲ್ಲಿಗೆ ಮುಟ್ಟುವುದಿಲ್ಲ. ಹೆಚ್ಚು ಬೇಯುವ ಕೈಗೇ ವಿಮೆಯಿಲ್ಲ.

ಹೀಗೆ ಬಾಗಿಲು ಸಿಗದವರು ದೇವರ ಬಾಗಿಲಿಗೆ ಹೋಗುತ್ತಾರೆ. ಮೈಮೇಲೆ ಮಚ್ಚೆ ಬಿದ್ದರೆ ನಾಗದೋಷವೆಂದು ವಿದುರಾಶ್ವತ್ಥಕ್ಕೋ ಘಾಟಿ ಸುಬ್ರಹ್ಮಣ್ಯಕ್ಕೋ ಹೊರಡುವುದು ನಮ್ಮ ಕಡೆಯ ಹಳೆಯ ರೂಢಿ. ಸರ್ಪಸುತ್ತಿಗೆ ಕೆಮ್ಮಣ್ಣು ಬಳಿಸಿಕೊಳ್ಳುವವರೂ ಇದ್ದಾರೆ. ನಾಗಪ್ಪ ರೆಫರಲ್ ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ. ಅವನಿಂದ ಕೆಡುಕೂ ಇಲ್ಲ, ಹೊತ್ತು ಹೋಗುತ್ತದೆ ಅಷ್ಟೆ. ಕೆಡುಕಿರುವುದು ಬಸ್‌ಸ್ಟ್ಯಾಂಡಿನ ಮೆಡಿಕಲ್ ಸ್ಟೋರಿನಲ್ಲಿ. ‘ಕಡಿತಕ್ಕೆ ಒಂದು ಟ್ಯೂಬು ಕೊಡಿ’ ಎಂದರೆ ಸಾಕು, ಸ್ಟಿರಾಯ್ಡ್ ಬೆರೆತ ಮುಲಾಮು ಕೈಗೆ ಬರುತ್ತದೆ. ಎರಡೇ ದಿನಕ್ಕೆ ತುರಿಕೆ ಮಾಯ. ಹಚ್ಚುವುದು ಬಿಟ್ಟ ಮೇಲೆ, ರೂಪಾಯಿ ಅಗಲವಿದ್ದ ಹುಳುಕಡ್ಡಿ ತಟ್ಟೆಯಗಲ ಹರಡಿರುತ್ತದೆ. ಅಂಚು ಕಲಸಿಹೋಗಿ ಡಾಕ್ಟರಿಗೇ ಗುರುತು ಸಿಗದಂತಾಗುತ್ತದೆ. ಈ ಜಾತಿಯ 14 ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು, ಟ್ಯೂಬು ಮಾತ್ರ ಖರ್ಚಾಗುತ್ತಲೇ ಇದೆ.

ಹಾಗಾದರೆ ಎಲ್ಲಿಗೆ ಹೋಗಬೇಕು? 2007ರಲ್ಲಿ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾದ ಮೇಲೆ ನಮಗೂ ಜಿಲ್ಲಾಸ್ಪತ್ರೆ ಬಂತು, ಈಚೆಗೆ ಸರ್ಕಾರಿ ಮೆಡಿಕಲ್ ಕಾಲೇಜೂ ಬಂತು. ಅಲ್ಲಿನ ಚರ್ಮರೋಗದ ಓಪಿಡಿಯೇ ಮೊದಲ ಬಾಗಿಲು. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯಲ್ಲಿ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಶ್ರೀ ಮಧುಸೂದನ ಸಾಯಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡುತ್ತದೆ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ಕೂರುವ ದಿನ ಯಾವುದೆಂದು ಮೊದಲು ಆಶಾ ಕಾರ್ಯಕರ್ತೆಯನ್ನು ಕೇಳಿ ಹೊರಟರೆ ಬಸ್ ಚಾರ್ಜಾದರೂ ಉಳಿಯುತ್ತದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಎಂಬ ಆನ್‌ಲೈನ್ ವೈದ್ಯ ಸೇವೆ ಇದ್ದರೆ ಇನ್ನೂ ಒಳ್ಳೆಯದು. ದೂರದ ಡಾಕ್ಟರಿಗೆ ಫೋಟೊದಲ್ಲಿ ತೋರಿಸಬಹುದಾದ ಕಾಯಿಲೆಗಳಲ್ಲಿ ಚರ್ಮದ್ದೇ ಮುಂದು. ಸ್ಪರ್ಶವಿಲ್ಲದ ಮಚ್ಚೆ ಕಂಡರಂತೂ ಮುಚ್ಚಿಡಲೇಬೇಡಿ. ಕುಷ್ಠದ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ, ಹೊತ್ತಿಗೆ ಸರಿಯಾಗಿ ನುಂಗಿದರೆ ಕಾಯಿಲೆ ಪೂರ್ತಿ ಗುಣ. ಇಲ್ಲೆಲ್ಲೂ ಆಗದಿದ್ದರೆ ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ ಇದ್ದೇ ಇವೆ.

ಈ ಯಾವ ಬಾಗಿಲಲ್ಲೂ ತುರಿಕೆಗೆ 5 ಲಕ್ಷದ ಕಾರ್ಡು ಬೇಕಾಗಿಲ್ಲ. ಬೇಕಾಗಿರುವುದು ಕುರ್ಚಿಯಲ್ಲಿ ಒಬ್ಬ ಡಾಕ್ಟರು, ಔಷಧಿ ಕೊಡುವ ಕಿಟಕಿಯಲ್ಲಿ ಸರಿಯಾದ ಮುಲಾಮು. ಚುನಾವಣೆ ಬಂದಾಗ ಮತ ಕೇಳಲು ಬರುವವರನ್ನು ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರು ವಾರಕ್ಕೆ ಎಷ್ಟು ದಿನ ಕೂರುತ್ತಾರೆ?