ಪರದೇಶದ ಗಾಳಿ, ನಮ್ಮೂರ ಜಾಲಿ

ಸೀನಿದವನು ‘ಅಲ್‌ಹಮ್ದುಲಿಲ್ಲಾಹ್’ ಎನ್ನಬೇಕು, ಕೇಳಿದವನು ‘ಯರ್‌ಹಮುಕಲ್ಲಾಹ್’ ಎಂದು ಹಾರೈಸಬೇಕು. ಮೂರು ಸಲಕ್ಕೂ ಮೀರಿ ಸೀನಿದರೆ ಅವನಿಗೆ ನೆಗಡಿಯಾಗಿದೆಯೆಂದು ತಿಳಿಯಬೇಕು. ಈ ಶಿಷ್ಟಾಚಾರವನ್ನು ಮದ್ರಸದ ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದ್ದೇನೆ. ಒಂದೇ ಮುಂಜಾನೆ ಮೂವತ್ತು ಸಲ ಸೀನುವವನಿಗೆ ಏನೆನ್ನಬೇಕೆಂಬ ಪ್ರಶ್ನೆ ನನಗೆ ಎದುರಾದದ್ದು ಕುವೈತಿನಲ್ಲಿ. ಹಾಗೆ ಸೀನುತ್ತಿದ್ದವನು ನಾನೇ.

ಮಕ್ಕಳಿಗೆ ಕುರ್‌ಆನ್ ಓದಿಸುವ ಕೆಲಸಕ್ಕೆಂದು ನಾನು ಅಲ್ಲಿ ಕೆಲವು ವರ್ಷ ನೆಲೆಸಿದ್ದೆ. ಮೊದಲ ವರ್ಷ ಯಾವ ತೊಂದರೆಯೂ ಇರಲಿಲ್ಲ. ಎರಡನೆಯ ವರ್ಷದ ಸೆಪ್ಟೆಂಬರಿನಲ್ಲಿ, ಬೇಸಿಗೆಯ ಉರಿ ತುಸು ತಗ್ಗಿದ ಹೊತ್ತಿಗೆ, ಕಣ್ಣು ಕೆಂಪಾಯಿತು, ಅಂಗುಳು ತುರಿಸತೊಡಗಿತು, ಮೂಗು ಸೋರತೊಡಗಿತು. ಫಜ್ರ್ ನಮಾಝಿನಲ್ಲಿ ಸುಜೂದಿಗೆ ಬಾಗಿದರೆ ಉಸಿರೇ ಕಟ್ಟಿದಂತಾಗುತ್ತಿತ್ತು. ಕೋಣೆಯ ಗೆಳೆಯರು ‘ಗುಬಾರ್ ಮೌಲಾನಾ, ಧೂಳು, ಬೇರೇನಲ್ಲ’ ಎಂದು ಸಮಾಧಾನ ಹೇಳಿದರು. ಆದರೆ ಧೂಳಿಲ್ಲದ ದಿನಗಳಲ್ಲೂ ಅದೇ ಪಾಡು ಮುಂದುವರಿಯಿತು.

ಕಡೆಗೆ ವೈದ್ಯರಲ್ಲಿಗೆ ಹೋದೆ. ಮುಂಗೈಯ ಮೇಲೆ ಸಾಲಾಗಿ ಹನಿಗಳನ್ನಿಟ್ಟು, ಪ್ರತಿಯೊಂದರ ಮೇಲೂ ಸೂಜಿಯ ಮೊನೆಯಿಂದ ಮೆಲ್ಲನೆ ಚುಚ್ಚಿದರು. ಹದಿನೈದು ನಿಮಿಷದಲ್ಲಿ ಎರಡು ಕಡೆ ಸೊಳ್ಳೆ ಕಚ್ಚಿದಂತೆ ದದ್ದು ಎದ್ದಿತು. ಒಂದು, ಉಪ್ಪುನೆಲದ ಮರುಭೂಮಿಯಲ್ಲಿ ಬೆಳೆದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪರಾಗ ಚೆಲ್ಲುವ ಸಾಲ್ಸೋಲಾ ಎಂಬ ಕುರುಚಲು ಗಿಡ. ಇನ್ನೊಂದರ ಚಿತ್ರವನ್ನು ವೈದ್ಯರು ತೋರಿಸಿದಾಗ ನನಗೆ ನಗು ಬಂತು. ಅದು ನಮ್ಮ ಬಳ್ಳಾರಿ ಜಾಲಿ! ಅದೇ ಮುಳ್ಳು, ಅದೇ ಹಳದಿ ಹೂಗೊಂಚಲು. ನಮ್ಮ ಮನೆಯ ಒಲೆಗೆ ಸೌದೆಯಾಗಿ, ಹೊಲಕ್ಕೆ ಬೇಲಿಯಾಗಿ, ಆಡುಗಳಿಗೆ ಕಾಯಾಗಿ ಒದಗಿದ ಮರ.

‘ಈ ದೇಶದ ಹವೆ ನಮಗೆ ಒಗ್ಗುವುದಿಲ್ಲ’ ಎಂಬ ಮಾತು ಪರದೇಶದಲ್ಲಿರುವ ನಮ್ಮವರ ಬಾಯಲ್ಲಿ ಸದಾ ಕೇಳಿಬರುತ್ತದೆ. ಆದರೆ ಜಾಲಿಯೂ ಅಲ್ಲಿ ಪರದೇಶಿಯೇ. ಅದರ ಮೂಲ ಅಮೆರಿಕ ಖಂಡ. ನೆಲವನ್ನು ಹಸಿರಾಗಿಸಲೆಂದು ಮನುಷ್ಯರೇ ಅದನ್ನು ನಮ್ಮ ದೇಶಕ್ಕೂ ಕೊಲ್ಲಿ ರಾಷ್ಟ್ರಗಳಿಗೂ ಒಯ್ದರು. ಮೊದಲ ವರ್ಷ ನಾನು ಪಾರಾದದ್ದೇಕೆಂಬುದನ್ನೂ ವೈದ್ಯರು ವಿವರಿಸಿದರು. ನಿರಪಾಯಕಾರಿಯಾದ ಪರಾಗವನ್ನು ದೇಹವು ಶತ್ರುವೆಂದು ತಪ್ಪಾಗಿ ಗುರುತಿಸಿಕೊಳ್ಳಲು ಒಂದೆರಡು ಋತುಗಳಾದರೂ ಹಿಡಿಯಬಹುದು. ಆ ಬಳಿಕ ಪ್ರತಿ ಸಲವೂ ಅದು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ಯುದ್ಧ ಸಾರುತ್ತದೆ.

ಇದು ಹೊಸ ರೋಗವೇನಲ್ಲ. ಸಾವಿರ ವರ್ಷಗಳಿಗೂ ಹಿಂದೆ ವೈದ್ಯವಿದ್ವಾಂಸ ಅಬೂಬಕರ್ ಅಲ್ ರಾಝಿಯವರು, ವಸಂತದಲ್ಲಿ ಗುಲಾಬಿ ಅರಳುವಾಗ ಅಬೂ ಝೈದ್ ಅಲ್ ಬಲ್ಖಿಯವರಿಗೆ ಬರುತ್ತಿದ್ದ ನೆಗಡಿಯ ಕಾರಣವನ್ನು ಕುರಿತು ಒಂದು ಪುಟ್ಟ ಗ್ರಂಥವನ್ನೇ ರಚಿಸಿದ್ದರು. ‘ಅಲರ್ಜಿ’ ಎಂಬ ಪದ ಹುಟ್ಟಿದ್ದು 1906ರಲ್ಲಿ. ಹೆಸರೇ ಇಲ್ಲದ ಕಾಲದಲ್ಲಿ ಒಬ್ಬ ವಿದ್ವಾಂಸನ ಸೀನನ್ನು ಇನ್ನೊಬ್ಬ ವಿದ್ವಾಂಸನು ಕ್ಷುಲ್ಲಕವೆಂದು ತಳ್ಳಿಹಾಕಲಿಲ್ಲ ಎಂಬುದನ್ನು ನಾವು ಗಮನಿಸಬೇಕು.

ಏಕೆಂದರೆ ನಾವು ತಳ್ಳಿಹಾಕುತ್ತೇವೆ. ನನ್ನ ಕೋಣೆಯಲ್ಲಿ ರಾಯಚೂರು ಕಡೆಯ ಚಾಲಕರೊಬ್ಬರಿದ್ದರು. ರಜೆ ಕೇಳಿದರೆ ಕೆಲಸಕ್ಕೇ ಸಂಚಕಾರ ಬಂದೀತೆಂಬ ಭಯ ಅವರಿಗಿತ್ತು. ಊರಿನಿಂದ ತಂದಿದ್ದ ಹಳೆಯ ನೆಗಡಿ ಮಾತ್ರೆಯನ್ನು ದಿನವೂ ನುಂಗಿ ಲಾರಿ ಓಡಿಸುತ್ತಿದ್ದರು. ಅಂಥ ಮಾತ್ರೆ ಸೀನನ್ನು ತಡೆಯುತ್ತದೆ, ಜೊತೆಗೆ ನಿದ್ದೆಯನ್ನೂ ತರುತ್ತದೆ. ಒಂದು ಸಂಜೆ ಹೆದ್ದಾರಿಯಲ್ಲಿ ಅವರ ರೆಪ್ಪೆ ಮುಚ್ಚಿತು. ಲಾರಿ ಮರಳಿಗಿಳಿದು ನಿಂತಿತು. ಅಲ್ಲಾಹನು ಕಾಪಾಡಿದನು. ಆ ರಾತ್ರಿ ಅವರೆಂದ ಮಾತು ಇಂದಿಗೂ ನೆನಪಿದೆ: ‘ಮೌಲಾನಾ, ಸೀನಿಗೆಲ್ಲ ಡಾಕ್ಟರ್ ಹತ್ರ ಹೋದ್ರೆ ಮಂದಿ ನಗ್ತಾರಂತ ಸಬರ್ ಮಾಡ್ಕೊಂಡಿದ್ದೆ.’

ಸಬರ್ ಎಂದರೆ ಮೌನವಾಗಿ ನರಳುವುದಲ್ಲ. ರೋಗವನ್ನು ಇಳಿಸಿದವನು ಔಷಧವನ್ನೂ ಇಳಿಸಿದ್ದಾನೆಂದು ಪ್ರವಾದಿಯವರು ಕಲಿಸಿದ್ದಾರೆ. ಆ ಔಷಧವನ್ನು ಅರಸುವುದೂ ಸಹನೆಯ ಒಂದು ಭಾಗವೇ. ಮರುದಿನ ಅವರನ್ನು ನಾನೇ ಚಿಕಿತ್ಸಾಲಯಕ್ಕೆ ಕರೆದೊಯ್ದೆ.

ನಾವು ಕಲಿತದ್ದು ಸರಳ ಸಂಗತಿಗಳನ್ನು. ಮೂಗಿಗೆ ಸಿಂಪಡಿಸುವ ಸ್ಟಿರಾಯ್ಡ್ ಔಷಧವು ಒಂದೇ ದಿನದಲ್ಲಿ ಪೂರ್ಣ ಫಲ ಕೊಡುವುದಿಲ್ಲ. ಋತು ಆರಂಭವಾಗುವ ಒಂದೆರಡು ವಾರ ಮೊದಲೇ ತೊಡಗಿ ಪ್ರತಿದಿನವೂ ಬಳಸಬೇಕು. ವಾಹನ ಓಡಿಸುವವರು ಅದನ್ನು ವೈದ್ಯರಿಗೆ ತಿಳಿಸಿ, ನಿದ್ದೆ ತರದ ಮಾತ್ರೆಯನ್ನೇ ಕೇಳಿ ಪಡೆಯಬೇಕು. ಪರಾಗದ ದಿನಗಳಲ್ಲಿ ಹಾಸಿಗೆಯ ಹೊದಿಕೆಯನ್ನು ಮಹಡಿಯ ಮೇಲೆ ಒಣಗಹಾಕಬಾರದು. ಹೊರಗಿನಿಂದ ಬಂದೊಡನೆ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ವುಝೂವಿನಲ್ಲಿ ಮೂಗಿಗೆ ನೀರೇರಿಸುವುದು ಹಾಯೆನಿಸುತ್ತದೆ, ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಮೂಗಿನ ಒಳಭಾಗ ತೊಳೆಯುವುದಾದರೆ ಕುದಿಸಿ ಆರಿಸಿದ ಉಪ್ಪುನೀರನ್ನೇ ಬಳಸಬೇಕು. ಋತುವು ರಮಝಾನಿನೊಂದಿಗೆ ಕೂಡಿಬಂದರೆ ಔಷಧವನ್ನು ಇಫ್ತಾರ್ ಮತ್ತು ಸಹರಿಯ ಹೊತ್ತಿಗೆ ಹೊಂದಿಸಿಕೊಡುವಂತೆ ಕೇಳಬಹುದು. ಎದೆಯಲ್ಲಿ ಸಿಳ್ಳೆಯ ಸದ್ದು ಕೇಳಿಸಿದರೆ, ಏದುಸಿರು ಬಂದರೆ ಅದು ಬರಿಯ ಸೀನಲ್ಲ. ತಡಮಾಡದೆ ವೈದ್ಯರನ್ನು ಕಾಣಬೇಕು.

ದೂರದ ನಾಡಿನಲ್ಲಿ ಮಗನೋ ಪತಿಯೋ ಇರುವ ಮನೆಯವರಲ್ಲಿ ನನ್ನದೊಂದು ವಿನಂತಿ. ಫೋನಿನಲ್ಲಿ ಅವರ ದನಿ ಕಟ್ಟಿಕೊಂಡಂತೆ ಕೇಳಿಸಿದಾಗ, ಆ ತಿಂಗಳ ಹಣ ಯಾವಾಗ ಬರುತ್ತದೆಂದು ಕೇಳುವ ಮುನ್ನ, ಯಾವ ಮಾತ್ರೆ ನುಂಗುತ್ತಿದ್ದೀರಿ, ವೈದ್ಯರಿಗೆ ತೋರಿಸಿದಿರಾ ಎಂದು ಕೇಳಿರಿ. ತಮ್ಮ ಕಷ್ಟವನ್ನು ತಾವಾಗಿ ಹೇಳಿಕೊಳ್ಳದವರೇ ಅವರಲ್ಲಿ ಹೆಚ್ಚು. ಕೇಳುವವರೊಬ್ಬರಿದ್ದರೆ ಅವರೂ ಹೇಳುತ್ತಾರೆ.